ಕರೇಕಲ್ಲು ಏರಿಗೆ ನಾಲ್ಕು ಸೀಟು

ಒಬ್ಬ ಮನುಷ್ಯ ಹೆಗಲ ಮೂಳೆ ಮುರಿದುಕೊಂಡು ತರೀಕೆರೆ ಆಸ್ಪತ್ರೆಯಲ್ಲಿ ಮಲಗಿದ್ದಾನೆ. ಅವನನ್ನು ಕೆಡವಿದ ಗಾಡಿಯಲ್ಲೇ ನಾನೀಗ ಕೂತಿದ್ದೇನೆ. ಆದರೂ ನನಗೆ ಖುಷಿಯಾಗುತ್ತಿದೆ. ನಾನು ಕೆಟ್ಟವಳೇ?

ಇದನ್ನು ಡೈರಿಗೆ ಬಿಟ್ಟು ಇನ್ಯಾರಿಗೂ ಹೇಳುವಂತಿಲ್ಲ. ಹೇಗೆ ಬರೆಯಬೇಕೆಂದು ಮನಸ್ಸಿನಲ್ಲೇ ವಾಕ್ಯ ಜೋಡಿಸುತ್ತಿದ್ದೆ. ಅಷ್ಟರಲ್ಲಿ ಭಾರ್ಗವ ಆಕ್ಸಿಲರೇಟರ್ ತುಳಿದ. ವಾಕ್ಯ ಹಿಂದೆ ಉಳಿಯಿತು, ನಾವು ಮುಂದೆ ಹೋದೆವು.

"ಕಂಪನಿಯೋರು ಕೊಟ್ಟಿದ್ದು ಬರೀ ಗಾಡಿ ಮೇಡಂ," ಭಾರ್ಗವ ಎಂಜಿನ್ನಿನ ಸದ್ದನ್ನು ಮೀರಿಸಿ ಕೂಗಿದ. "ಜೀವ ತುಂಬಿದ್ದು ನಾನು!"

"ಜೀವ ಆಮೇಲೆ ನೋಡೋಣ. ಮೊದ್ಲು ಆ ಹಳ್ಳ ನೋಡಪ್ಪಾ, ಹಳ್ಳ!" ಮುಂದಿನ ಸೀಟಿನಲ್ಲಿದ್ದ ಅತ್ತೆ ಎರಡೂ ಕೈಯಲ್ಲಿ ಕಂಬಿ ಹಿಡಿದುಕೊಂಡರು.

ಗಾಡಿ ಹಳ್ಳಕ್ಕೆ ಹಾರಿತು. ಇದೇ ಹಳ್ಳಕ್ಕೆ ಅತ್ತೆಯ ಹಳೇ ಕಾರು ಬಿದ್ದಿದ್ದರೆ ನನ್ನ ಹಲ್ಲುಗಳು ಸ್ವಸ್ಥಾನದಲ್ಲಿ ಇರುತ್ತಿರಲಿಲ್ಲ. ಇಲ್ಲಿ ಹೊಸ ಶಾಕ್‌ಗಳು ಮೆತ್ತಗೆ ಕುಗ್ಗಿ, ಮೆತ್ತಗೆ ಎದ್ದವು. ತೊಟ್ಟಿಲು ಜೀಕಿದ ಹಾಗೆ. ನಾನು ನಕ್ಕುಬಿಟ್ಟೆ. ಯಾರೂ ನೋಡಲಿಲ್ಲ ಸದ್ಯ.

ಇದು ನಾಲ್ಕು ಸೀಟಿನ ಬಗ್ಗಿ. ಬಾಗಿಲಿಲ್ಲ, ಗಾಜಿಲ್ಲ, ಸುತ್ತ ಕಬ್ಬಿಣದ ಪಂಜರ, ಕೆಳಗೆ ದಪ್ಪ ಹಲ್ಲಿನ ನಾಲ್ಕು ಟೈರು. ಹೋದ ಶುಕ್ರವಾರ ಭೈರೇಶ್ ಒಬ್ಬನೇ ಇದನ್ನು ಕರೇಕಲ್ಲು ಏರಿಗೆ ಹತ್ತಿಸುವಾಗ ಅರ್ಧದಲ್ಲಿ ಅಡ್ಡ ತಿರುಗಿ ಮಗುಚಿತು. ತಪ್ಪು ಗಾಡಿಯದೋ ಅವನದೋ ಎಂದು ಹೇಳುವ ಕೆಲಸ ನಮ್ಮ ಪಾಲಿಗೆ ಬಂದಿದೆ.

ನಮ್ಮ ಎಂದರೆ ಸೀತಾದೇವಿ ಅತ್ತೆಯ ಪಾಲಿಗೆ. ಕಡೂರಿನಲ್ಲಿ ಕೂತು ಸುತ್ತಲ ಸೀಮೆಯ ಜಜ್ಜಿದ ಗಾಡಿಗಳನ್ನೆಲ್ಲ ಪರೀಕ್ಷಿಸಿ ವಿಮೆಯವರಿಗೆ ವರದಿ ಕೊಡುವವರು ಅವರು. ನಾನು ಅವರ ಅಣ್ಣನ ಮಗಳು ಶ್ರೀಜಾ, ಬಿ.ಎಸ್ಸಿ. ಮುಗಿಸಿ ಅವರ ಹಿಂದೆ ಓಡಾಡಿಕೊಂಡಿರುವವಳು. ನಮ್ಮಿಬ್ಬರ ಒಪ್ಪಂದ ಸರಳ: ಅತ್ತೆ ಮಾತಾಡುತ್ತಾರೆ, ನಾನು ನೋಡುತ್ತೇನೆ.

"ಇವು ನಾಲ್ಕು ಪಟ್ಟಿಯ ಬೆಲ್ಟು," ಭಾರ್ಗವ ಒಂದೊಂದನ್ನೇ ತೋರಿಸುತ್ತಿದ್ದ. ಕಡೂರಿನ ಹೈವೇ ಪಕ್ಕದಲ್ಲಿ ಅವನದು ಗಾಡಿ ಅಲಂಕಾರದ ಅಂಗಡಿ. "ಇದು ಲೈಟ್ ಬಾರ್. ಇದು ಹೊಸ ಚಾವಣಿ, ಬಿದ್ದಾಗ ಹಳೇದು ನೆಗ್ಗಿತ್ತು. ಹಿಂದುಗಡೆ ಸ್ಟೆಪ್ನಿ ಸ್ಟ್ಯಾಂಡು, ಲಾಕ್ ಸಮೇತ. ಮುಂದುಗಡೆ ವಿಂಚು. ಏರಲ್ಲಿ ಸಿಕ್ಕಾಕ್ಕೊಂಡ್ರೆ ಮೇಲಿನ ಬಂಡೆಗೆ ಹಗ್ಗ ಬಿಗಿದು ಬಟನ್ ಒತ್ತಿ. ತನ್ನನ್ನ ತಾನೇ ಎಳ್ಕೊಂಡು ಹೋಗುತ್ತೆ."

"ಬೆಲ್ಟಿಗೆ ನೂರಕ್ಕೆ ನೂರು," ಅತ್ತೆ ಅಂದರು. "ಅದಿಲ್ದಿದ್ರೆ ಭೈರೇಶ ಇವತ್ತು ಮಾತಾಡ್ತಿರಲಿಲ್ಲ. ಲೈಟ್ ಬಾರ್ ಶೋಕಿ. ಕತ್ತಲಲ್ಲಿ ಈ ಕಲ್ಲು ಹತ್ತೋಕೆ ಯಾರಿಗೆ ಹುಚ್ಚು? ಬ್ರೇಕು ನೋಡೋಣ, ಎಲ್ಲಿ, ಒಂದೇ ಸಲ ಹಾಕು."

ಭಾರ್ಗವ ಬ್ರೇಕ್ ಒತ್ತಿದ.

ಗಾಡಿ ನಿಂತಿತು. ನಾನೂ ನಿಂತೆ. ನಿಂತ ಮೇಲೆ, ಎಲ್ಲ ಮುಗಿದ ಮೇಲೆ, ನನ್ನ ಸೀಟಿನ ಅಡಿಯಿಂದ ಏನೋ ಒಂದು ಮೆಲ್ಲಗೆ ತಳ್ಳಿತು.

ನಾನು ತಟ್ಟನೆ ಹಿಂದೆ ತಿರುಗಿ ನೋಡಿದೆ.

ಯಾಕೆಂದರೆ ಇದನ್ನೇ ನಾನು ಬೆಳಿಗ್ಗೆ ಕೇಳಿದ್ದೆ. ಆಸ್ಪತ್ರೆಯಲ್ಲಿ ಭೈರೇಶ್ ಚಾವಣಿ ನೋಡಿಕೊಂಡು ಹೇಳಿದ್ದ, "ನಾನೇನೂ ಮಾಡ್ಲಿಲ್ಲ ಮೇಡಂ. ಸ್ವಲ್ಪ ಬ್ರೇಕ್ ಮುಟ್ಟಿದೆ ಅಷ್ಟೇ. ಹಿಂದಿಂದ ಯಾರೋ ತಳ್ಳಿದಂಗಾಯ್ತು." ಪಕ್ಕದಲ್ಲಿದ್ದ ಅವನ ಸೋದರಮಾವ, ಈ ಬಗ್ಗಿಯ ಒಡೆಯ ಚನ್ನಬಸಪ್ಪನವರು, "ಕರೇಕಲ್ಲಿನ ದೆವ್ವ ಬಂದು ತಳ್ತೇನಲೇ?" ಎಂದು ನಕ್ಕಿದ್ದರು.

ನಾನು ಅತ್ತೆಯ ಹೆಗಲನ್ನು ಬೆರಳಿನಿಂದ ಚುಚ್ಚಿದೆ. ಮಾತು ಬೇಕಿಲ್ಲ, ಅತ್ತೆಗೆ ಅರ್ಥವಾಗುತ್ತದೆ.

"ಇನ್ನೊಂದ್ಸಲ ಹಾಕಪ್ಪಾ ಬ್ರೇಕು."

ಮತ್ತೆ ಅದೇ. ಗಾಡಿ ನಿಂತಿತು, ನಿಂತ ಮೇಲೊಂದು ತಳ್ಳು. ಈ ಸಲ ನನಗದು ಗುರುತು ಸಿಕ್ಕಿತು. ಅಮೃತಾಪುರದ ಅಜ್ಜಿ ಮನೆಯಲ್ಲಿ ನಲ್ಲಿಯಿಂದ ಕೊಡ ಸೊಂಟದ ಮೇಲಿಟ್ಟುಕೊಂಡು ಬರುವಾಗ, ಎದುರಿಗೆ ಕರು ಅಡ್ಡ ಬಂತೆಂದು ಗಕ್ಕನೆ ನಿಂತರೆ ಹೀಗೇ ಆಗುತ್ತಿತ್ತು. ನಾನು ನಿಲ್ಲುತ್ತಿದ್ದೆ. ಕೊಡದೊಳಗಿನ ನೀರು ನಿಲ್ಲುತ್ತಿರಲಿಲ್ಲ.

ನೀರು!

*

ಚನ್ನಬಸಪ್ಪನವರ ಜಮೀನು ಅಜ್ಜಂಪುರದಿಂದ ಅಂತರಘಟ್ಟೆ ಕಡೆ ಹೋಗುವ ದಾರಿಯಲ್ಲಿ. ಕೆಳಗೆ ತೆಂಗಿನ ತೋಟ, ಮೇಲೆ ಬರೀ ಕಪ್ಪು ಕಲ್ಲಿನ ಗುಡ್ಡ. ಆ ಗುಡ್ಡದ ಮೈಮೇಲಿನ ಕಡಿದಾದ ದಾರಿಯೇ ಕರೇಕಲ್ಲು ಏರು.

ಬೇವಿನ ಮರದ ಕೆಳಗೆ ಎಲ್ಲರಿಗೂ ಮಜ್ಜಿಗೆ ಬಂತು. ಚನ್ನಬಸಪ್ಪನವರು ಚೆಂಬು ಎತ್ತಿ ಒಂದೇ ಉಸಿರಿಗೆ ಮುಗಿಸಿದರು. ಅಗಲ ಹೆಗಲಿನ, ದೊಡ್ಡ ಹೊಟ್ಟೆಯ, ದೊಡ್ಡ ದನಿಯ ಮನುಷ್ಯ.

"ನಮ್ಮ ಹುಡುಗ್ರೆಲ್ಲ ಬೈಕ್ ಹತ್ಕೊಂಡು ಎಲ್ಲೆಲ್ಲೋ ಬೆಟ್ಟ ಸುತ್ತೋಕೆ ಹೋಗ್ತಾರೆ ಮೇಡಂ. ನಮ್ ಕಲ್ಲು ಏನ್ ಪಾಪ ಮಾಡಿತ್ತು? ಇಲ್ಲೇ ಬರ್ಲಿ, ದುಡ್ಡು ಕೊಟ್ಟು ಇಲ್ಲೇ ಕುಣೀಲಿ. ಇದೊಂದು ಸರಿ ಹೋಯ್ತು ಅಂದ್ರೆ ಇಂಥವೇ ಇನ್ನೂ ಐದು ತರಿಸ್ತೀನಿ."

"ಐದಕ್ಕೂ ಇದೇ ಸಾಮಾನು ಹಾಕ್ಸಿ ಅಂತೀನಿ ನಾನು," ಭಾರ್ಗವ ನಡುವೆ ಬಾಯಿ ಹಾಕಿದ.

"ನೀನು ಅನ್ನದೆ ಇನ್ಯಾರಂತಾರೆ?" ಎಂದು ಚನ್ನಬಸಪ್ಪನವರು ಅತ್ತೆಯ ಕಡೆ ತಿರುಗಿದರು. "ನೋಡಿ ಮೇಡಂ, ನನ್ನದು ಒಂದೇ ಮಾತು. ಇವತ್ತು ಸಂಜೆ ನಾಲ್ಕೂ ಸೀಟು ತುಂಬ್ಕೊಂಡು ಅದೇ ಏರು ಹತ್ತಿಸ್ತೀವಿ. ಹತ್ತಿತಾ? ಗಾಡಿ ಸರಿಯಿದೆ, ನಮ್ ಹುಡುಗನ ಕೈ ಸರಿಯಿಲ್ಲ. ಅವನನ್ನ ಆಸ್ಪತ್ರೆಯಿಂದ ನೆಟ್ಟಗೆ ಅವರೂರು ದೇವನೂರಿನ ಬಸ್ ಹತ್ತಿಸ್ತೀನಿ. ಹತ್ತಲಿಲ್ವಾ, ಆಗ ಗಾಡಿ ವಾಪಸ್ಸು, ಹುಡುಗ ಇಲ್ಲೇ."

"ಇದ್ಯಾವ ಸೀಮೆ ನ್ಯಾಯ ಚನ್ನಬಸಪ್ಪನೋರೇ?"

"ಕಲ್ಲಿನ ನ್ಯಾಯ. ಅದು ಲಂಚ ತಗೊಳಲ್ಲ."

"ಓಡಿಸೋರು ಯಾರು?"

"ನಾನು!" ಮೇಲಿನಿಂದ ಭವ್ಯ ಕೂಗಿದಳು. ಚನ್ನಬಸಪ್ಪನವರ ಮಗಳು, ಕಾಲೇಜಿನಲ್ಲಿ ನನ್ನ ಜೊತೆ ಓದಿದವಳು, ಈ ಕೆಲಸಕ್ಕೆ ನಮ್ಮನ್ನು ಕರೆಸಿದವಳೂ ಅವಳೇ. ಏರಿನ ದಾರಿಯಲ್ಲಿದ್ದ ಸಡಿಲ ಕಲ್ಲುಗಳನ್ನು ಪಕ್ಕಕ್ಕೆ ಎಸೆಯುತ್ತಿದ್ದಳು. "ಶ್ರೀ, ನೀನೂ ಬರ್ಬೇಕು ಕಣೇ. ಹೆದ್ರಿಕೊಂಡು ಕೂತ್ರೆ ಎಳ್ಕೊಂಡು ಬತ್ತೀನಿ!"

ನಾನು ಕೈ ಎತ್ತಿ ಆಡಿಸಿದೆ. ಹೂಂ ಅಂತಲೋ, ಉಹೂಂ ಅಂತಲೋ, ಅವಳಿಗೆ ಬೇಕಾದಂತೆ ತಿಳಿದುಕೊಳ್ಳಲಿ.

ಭಾರ್ಗವನೂ ಚನ್ನಬಸಪ್ಪನವರೂ ವಿಂಚು ಬೇಕೋ ಬೇಡವೋ ಎಂದು ಜಗಳ ಶುರು ಮಾಡಿದರು. ನಾನು ಮೆಲ್ಲಗೆ ಎದ್ದು ಬಗ್ಗಿಯ ಮರೆಗೆ ಹೋದೆ.

ನಾನು ಕೂತಿದ್ದ ಸೀಟಿನ ಅಡಿಗಿದ್ದದ್ದು ಬಲಗಡೆಯ ಹಿಂದಿನ ಚಕ್ರ. ಗಾಳಿ ಹಾಕುವ ಮೂತಿ ನೆಲದ ಕಡೆಗಿತ್ತು. ಮುಚ್ಚಳ ತಿರುಚಿ ತೆಗೆದೆ. ಜಡೆಯಿಂದ ಪಿನ್ನು ಎಳೆದು ಅದರ ತುದಿಯಿಂದ ಮೂತಿಯೊಳಗಿನ ಮುಳ್ಳನ್ನು ಒತ್ತಿದೆ.

ಗಾಳಿ ಬರಲಿಲ್ಲ. ಚಿರ್ರನೆ ನೀರು ಚಿಮ್ಮಿ ನನ್ನ ವೇಲೆಲ್ಲ ಒದ್ದೆಯಾಯಿತು.

ಗಡಬಡಿಸಿ ಪಿನ್ನು ಹಿಂದಕ್ಕೆಳೆದೆ.

"ಏನೇ ಅದು? ಸ್ನಾನ ಮಾಡ್ದೋಳ ಹಂಗಿದ್ದೀಯ?" ಅತ್ತೆ ಹಿಂದೆಯೇ ಬಂದಿದ್ದರು.

ನಾನು ಚಕ್ರ ತೋರಿಸಿದೆ. ಮತ್ತೆ ಒತ್ತಿದೆ. ಮತ್ತೆ ನೀರು. ಅತ್ತೆಯ ಹುಬ್ಬು ಹಣೆಯ ಮೇಲಿನ ಕುಂಕುಮ ಮುಟ್ಟಿತು.

ಎಡಗಡೆಯ ಚಕ್ರದ ಮೂತಿ ಮೇಲಕ್ಕಿತ್ತು. ಮೇಲಿದ್ದರೆ ಒಳಗೆ ನೀರಿದ್ದರೂ ಗಾಳಿಯೇ ಬರುತ್ತದೆ. ಅತ್ತೆ ಹ್ಯಾಂಡ್ ಬ್ರೇಕ್ ಸಡಿಲಿಸಿದರು, ಇಬ್ಬರೂ ಸೇರಿ ಅರ್ಧ ಸುತ್ತು ತಳ್ಳಿದೆವು. "ಏನ್ರೀ ಮೇಡಂ ಅದು?" ಎಂದು ಚನ್ನಬಸಪ್ಪನವರು ಅಲ್ಲಿಂದಲೇ ಕೂಗಿದರು. "ನೆರಳಿಗೆ ಹಾಕ್ತಿದ್ದೀವಿ, ಸೀಟು ಕಾದುಬಿಟ್ಟಿದೆ!" ಅತ್ತೆಗೆ ಸುಳ್ಳು ಇಷ್ಟು ಸಲೀಸಾಗಿ ಹೇಗೆ ಬರುತ್ತದೋ!

ಎಡ ಚಕ್ರದ ಮೂತಿ ಕೆಳಗೆ ಬಂತು. ಒತ್ತಿದೆ. ಪುಸ್ಸೆಂದು ಗಾಳಿ. ಒಂದು ಹನಿ ನೀರಿಲ್ಲ.

"ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಹವಾಯಿ ಚಪ್ಪಲಿ," ಅತ್ತೆ ಪಿಸುಗುಟ್ಟಿದರು. "ಏರು ಹತ್ತುವಾಗ ಭಾರದ ಚಕ್ರ ಕಚ್ಚಿ ಹಿಡಿಯುತ್ತೆ, ಹಗುರದ್ದು ಸುಮ್ನೆ ಸುತ್ತುತ್ತೆ. ಗಾಡಿ ಅಡ್ಡ ತಿರುಗದೆ ಇನ್ನೇನಾಗುತ್ತೆ? ಪಾಪ, ಭೈರೇಶ ದೆವ್ವದ ಕಥೆ ಹೇಳಿಲ್ಲ ಕಣೇ."

ನಾನು ತಲೆಯಾಡಿಸಿದೆ. ಒದ್ದೆ ವೇಲು ಹಿಂಡಿಕೊಂಡು ನಗುತ್ತಲೂ ಇದ್ದೆ.

"ಹಲ್ಲು ಒಳಗಿಡು. ಟೈರಿಗೆ ನೀರು ತುಂಬೋರು ಯಾರು ಹೇಳು?"

ಅದು ಈ ಸೀಮೆಯಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಟ್ರ್ಯಾಕ್ಟರಿನವರು.

*

ಅಜ್ಜಂಪುರದಲ್ಲಿ ಹಾಲೇಶನ ಟ್ರ್ಯಾಕ್ಟರ್ ರಿಪೇರಿ ಶೆಡ್ಡು ಹುಡುಕುವುದೇನೂ ಕಷ್ಟವಾಗಲಿಲ್ಲ. ಬಗ್ಗಿಯ ಹಿಂದಿರುವ ಎಳೆಯುವ ಕೊಕ್ಕೆಯನ್ನು ವೆಲ್ಡ್ ಮಾಡಿದ್ದು ಅವನೇ ಎಂದು ಚನ್ನಬಸಪ್ಪನವರು ಬೆಳಿಗ್ಗೆ ಹೇಳಿದ್ದರು.

"ಹೂಂ, ನಾನೇ ತುಂಬಿದ್ದು," ಹಾಲೇಶ್ ಕಣ್ಣು ಪಿಳುಕಿಸಿದ. "ಅದಕ್ಕೇನೀಗ?"

"ಯಾರು ಹೇಳಿದ್ರು ತುಂಬು ಅಂತ?"

"ಹೇಳೋದೇನ್ ಬಂತು ಮೇಡಂ? ದೊಡ್ಡ ಟೈರು ಒಳಗೆ ಬಂದ್ರೆ ನೀರು ತುಂಬೋದೇ. ಕೆಸರಲ್ಲಿ, ಏರಲ್ಲಿ ಹಿಡಿತ ಬೇಡ್ವಾ? ಭೈರೇಶ ಕೊಕ್ಕೆ ಹಾಕ್ಸೋಕೆ ಬಿಟ್ಟು ಊಟಕ್ಕೆ ಹೋದ. ಸುಮ್ನೆ ಯಾಕೆ ನಿಂತಿರ್ಲಿ ಅಂತ ತುಂಬ್ದೆ."

"ಅದು ಟ್ರ್ಯಾಕ್ಟರ್ ಅಲ್ಲ ಕಣೋ ಮಾರಾಯ! ಅದಕ್ಕೆ ಸ್ಪ್ರಿಂಗಿದೆ, ಶಾಕಿದೆ."

"ಟೈರಂತೂ ಇದೆಯಲ್ಲ?" ಎಂದು ಹಾಲೇಶ್ ಪಕ್ಕದಲ್ಲಿ ನಿಂತಿದ್ದ ಟ್ರ್ಯಾಕ್ಟರ್ ಕಡೆ ಸಾಕ್ಷಿಗೆಂಬಂತೆ ಕೈ ತೋರಿಸಿದ. "ಮಾರನೇ ದಿನ ಅದೇ ಗಾಡಿ ಕರೇಕಲ್ಲು ಹತ್ತಿಲ್ವಾ? ಗುರುವಾರ ಊರಿಗೆ ಊರೇ ನೋಡಿದೆ. ವಿಂಚೂ ಇಲ್ಲ, ಗಿಂಚೂ ಇಲ್ಲ, ಜುಮ್ಮಂತ ಹತ್ತಿಬಿಡ್ತು. ಭೈರೇಶ ಅವತ್ತು ಕುಣಿದಿದ್ದೇ ಕುಣಿದಿದ್ದು. ಶುಕ್ರವಾರ ಬಿದ್ರೆ ನನ್ನ ನೀರು ಏನು ಮಾಡುತ್ತೆ?"

ಅತ್ತೆ ಟ್ರ್ಯಾಕ್ಟರಿನ ದೊಡ್ಡ ಟೈರನ್ನು ಒಮ್ಮೆ ತಟ್ಟಿದರು. ಆಮೇಲೆ ತೀರಾ ಮಾಮೂಲಿ ದನಿಯಲ್ಲಿ ಕೇಳಿದರು, "ಎರಡು ಚಕ್ರಕ್ಕೂ ತುಂಬಿದ್ಯಾ?"

"ಒಂದಕ್ಕೆ ತುಂಬಿ ಒಂದು ಬಿಡೋಕೆ ನಂಗೇನ್ ತಲೆ ಕೆಟ್ಟಿದ್ಯಾ? ಹಿಂದಿನವೆರಡಕ್ಕೂ ತುಂಬಿದ್ದೀನಿ, ಮುಕ್ಕಾಲು ಮುಕ್ಕಾಲು. ಅದೂ ಎಷ್ಟು ಹುಷಾರಾಗಿ! ಆಗಷ್ಟೇ ಪೂಜೆ ಆಗಿತ್ತು. ನಾಲ್ಕು ಡಿಸ್ಕಿಗೂ ವಿಭೂತಿ ಪಟ್ಟೆ ಎಳೆದಿದ್ರು. ನೀರು ಬಿದ್ದು ಅದೇನಾದ್ರೂ ಅಳಿಸಿದ್ರೆ ಆ ಚನ್ನಬಸಪ್ಪನೋರು ನನ್ನನ್ನ ಉಳಿಸ್ತಿದ್ರಾ?"

"ನೀರು ತುಂಬಿದ್ದು ಯಾರಿಗೆಲ್ಲ ಹೇಳಿದೆ?"

"ಯಾರೂ ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ."

ವಾಪಸ್ಸು ಬರುವಾಗ ಅತ್ತೆ ಕಾರನ್ನು ನಿಧಾನವಾಗಿ ಓಡಿಸಿದರು. ಅವರು ನಿಧಾನ ಓಡಿಸುತ್ತಿದ್ದಾರೆಂದರೆ ತಲೆ ಜೋರಾಗಿ ಓಡುತ್ತಿದೆ ಎಂದರ್ಥ.

"ಗುರುವಾರ ಎರಡರಲ್ಲೂ ನೀರಿತ್ತು, ಗಾಡಿ ಹತ್ತಿತು. ಶುಕ್ರವಾರ ಒಂದರಲ್ಲೇ ಇತ್ತು, ಗಾಡಿ ಬಿತ್ತು. ಮಧ್ಯೆ ಯಾರದೋ ಕೈ ಆಡಿದೆ. ಶ್ರೀಜಾ, ಕೇಳಿಲ್ಲಿ. ನೀರಿನ ಮಾತು, ಎಡ ಬಲದ ಮಾತು, ಒಂದನ್ನೂ ಬಾಯಿ ಬಿಡಬೇಡ. ನಾನೂ ಬಿಡಲ್ಲ. ಹಾಲೇಶನ ಹತ್ರಾನೂ ಎಡಗಡೇದು ಖಾಲಿ ಅಂತ ನಾನು ಹೇಳ್ಲಿಲ್ಲ, ಗಮನಿಸಿದ್ಯಾ?"

ಗಮನಿಸಿದ್ದೆ. ಬಾಯಿ ಬಿಡಬೇಡ ಎಂದು ನನಗೆ ಹೇಳುವವರು ಪ್ರಪಂಚದಲ್ಲಿ ಇದ್ದಾರಲ್ಲ ಎಂದು ಆಶ್ಚರ್ಯವೂ ಆಯಿತು.

*

ನಾವು ಬರುವ ಹೊತ್ತಿಗೆ ಗುಡ್ಡದ ನೆರಳು ತೋಟಕ್ಕೆ ಇಳಿದಿತ್ತು. ಭವ್ಯ ಅಪ್ಪನ ಜೊತೆ ಏರಿನ ಮೇಲಿದ್ದಳು. ಭಾರ್ಗವ ಮೋಟಾರ್ ಮನೆಯ ಕಟ್ಟೆಯ ಮೇಲೆ ಕೂತು ಫೋನ್ ಒತ್ತುತ್ತಿದ್ದ.

ನಾನು ಚಕ್ರಗಳ ಹತ್ತಿರ ಕುಕ್ಕರುಗಾಲಿನಲ್ಲಿ ಕೂತೆ. ಡಿಸ್ಕುಗಳ ಮೇಲೆ ಕೆಮ್ಮಣ್ಣಿನ ಧೂಳು. ವೇಲಿನ ಒಣ ತುದಿಯಿಂದ ಮುಂದಿನ ಬಲ ಚಕ್ರವನ್ನು ಮೆಲ್ಲಗೆ ಒರೆಸಿದೆ. ನೀರಿನಲ್ಲಿ ಕಲಸಿ ಹಚ್ಚಿ ಒಣಗಿದ ವಿಭೂತಿ ಬರೀ ಧೂಳು ಒರೆಸಿದರೆ ಹೋಗುವುದಿಲ್ಲ. ಮೂರು ಬೆರಳಿನ ಬಿಳಿ ಪಟ್ಟೆ ಮಂಕಾಗಿ ಕಂಡಿತು. ಮುಂದಿನ ಎಡ ಚಕ್ರದಲ್ಲೂ ಇತ್ತು. ಹಿಂದಿನ ಬಲ ಚಕ್ರದಲ್ಲೂ ಇತ್ತು.

ಹಿಂದಿನ ಎಡ ಚಕ್ರ ಒರೆಸಿದೆ. ಕಪ್ಪು ಬಣ್ಣ ಹೊಚ್ಚ ಹೊಸದಾಗಿ ಹೊಳೆಯಿತು. ವಿಭೂತಿ ಹಚ್ಚಿದ ಸುಳಿವೇ ಇಲ್ಲ.

ಯಾರೂ ನೀರು ಖಾಲಿ ಮಾಡಿಲ್ಲ! ಚಕ್ರವನ್ನೇ ಬದಲಾಯಿಸಿದ್ದಾರೆ.

ಎದ್ದು ಹಿಂದೆ ಓಡಿದೆ. ಹೌದು, ಓಡಿದೆ, ಅತ್ತೆ ಆಮೇಲೆ ನನ್ನನ್ನು ಅಣಕಿಸಿದರು. ಸ್ಟ್ಯಾಂಡಿನಲ್ಲಿ ಬೀಗ ಹಾಕಿದ್ದ ಸ್ಟೆಪ್ನಿಯ ಮುಖ ಒಳಗಡೆ ತಿರುಗಿತ್ತು. ಬಾಗಿ ನೋಡಿದರೂ ಕಾಣಲಿಲ್ಲ. ಸಂದಿಯಲ್ಲಿ ಕೈ ತೂರಿಸಿ ಡಿಸ್ಕನ್ನು ಸವರಿದೆ. ಬೆರಳಿಗೆ ಒರಟಾಗಿ ಏನೋ ಸಿಕ್ಕಿತು, ಗೋಡೆಯ ಮೇಲೆ ಒಣಗಿದ ಸುಣ್ಣದ ಹಾಗೆ. ಕೈ ಹೊರಗೆ ತೆಗೆದೆ. ಉಗುರಿನ ತುದಿ ಬೆಳ್ಳಗಾಗಿತ್ತು.

ಅತ್ತೆ ಸ್ಟೆಪ್ನಿಗೆ ಹೆಗಲು ಕೊಟ್ಟು ಅಲುಗಾಡಿಸಿ ನೋಡಿದರು. ಅದು ಬಂಡೆ ಥರ ಕೂತಿತ್ತು.

"ಪಂಕ್ಚರ್ ಆಯ್ತು ಅಂತ ಬದಲಾಯಿಸಿರಬಹುದಾ ಅಂದ್ರೆ, ಪಂಕ್ಚರ್ ಆಗಿದ್ರೆ ನೀರು ಉಳೀತಿತ್ತಾ? ಚೆನ್ನಾಗಿರೋ ಚಕ್ರ ಬಿಚ್ಚಿ ಇಲ್ಲಿಟ್ಟು ಬೀಗ ಜಡಿದಿದ್ದಾರೆ. ಈ ಭಾರ ಎತ್ತಿ ಇಡೋದು ಒಬ್ಬರ ಕೈಲಾಗೋ ಕೆಲಸ ಅಲ್ಲ." ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡರು. "ಬಾ. ಬೀಗ ಮಾರಿದೋನನ್ನ ಕೇಳೋಣ."

ಭಾರ್ಗವ ನಮ್ಮನ್ನು ಕಂಡು ಫೋನ್ ಜೇಬಿಗಿಟ್ಟ.

"ಏನಂತೀರ ಮೇಡಂ, ನನ್ನ ಸಾಮಾನು ಪಾಸಾ?"

"ಶಾಕು ಪಾಸು. ಬೆಲ್ಟು ಫಸ್ಟ್ ಕ್ಲಾಸು. ವಿಂಚಿನ ವಿಷ್ಯದಲ್ಲಿ ಒಂದು ಅನುಮಾನ ಇದೆ." ಅತ್ತೆ ಅವನ ಪಕ್ಕದಲ್ಲೇ ಕಟ್ಟೆಯ ಮೇಲೆ ಕೂತರು, ಮದುವೆ ಮನೆಯಲ್ಲಿ ಕೂತ ಹಾಗೆ. "ಗುರುವಾರ ಗಾಡಿ ವಿಂಚಿಲ್ದೆ ಹತ್ತಿತಂತೆ?"

"ಹತ್ತಿರಬಹುದು."

"ಇನ್ನೈದು ಗಾಡಿಗೆ ವಿಂಚು ಬೇಡ ಅಂತ ಅವತ್ತೇ ನಿಂಗೆ ಹೇಳಿದ್ರಂತೆ?"

ಇದು ಅತ್ತೆ ಕತ್ತಲಲ್ಲಿ ಎಸೆದ ಕಲ್ಲು. ಯಾರೂ ಹಾಗೆ ಹೇಳಿರಲಿಲ್ಲ. ಆದರೆ ಕಲ್ಲು ಎಲ್ಲೋ ತಗುಲಿತು. ಭಾರ್ಗವನ ಕಿವಿ ಕೆಂಪಾಯಿತು.

"ಹೇಳಿದ್ರು. ಅದಕ್ಕೆ?"

"ಮಾರನೇ ದಿನವೇ ಗಾಡಿ ಬಿತ್ತಲ್ಲ. ಈಗ ವಿಂಚು ಬೇಕೇ ಬೇಕು ಅಂತ ನೀನು ಅವರ ಮುಂದೆ ಕುಣೀಬಹುದು."

ಭಾರ್ಗವ ಎದ್ದು ನಿಂತ. "ಮೇಡಂ, ವಯಸ್ಸಿಗೆ ಮರ್ಯಾದೆ ಕೊಟ್ಟು ಮಾತಾಡ್ತಿದ್ದೀನಿ. ನಾನು ಸಾಮಾನು ಮಾರೋನು. ಮನುಷ್ಯರನ್ನ ಉರುಳ್ಸೋನಲ್ಲ."

"ಕೂತ್ಕೋ. ನಾನಿನ್ನೂ ಹಂಗಂದಿಲ್ಲ. ಸ್ಟೆಪ್ನಿ ಬೀಗದ ಕೀ ಯಾರ ಹತ್ರ ಇದೆ?"

ಅವನು ಕೂರಲಿಲ್ಲ. ಆದರೆ ಸಿಟ್ಟು ತಟ್ಟನೆ ಇಳಿಯಿತು. ಅದೇ ನನಗೆ ವಿಚಿತ್ರವಾಗಿ ಕಂಡದ್ದು. ತಪ್ಪಿಲ್ಲದವನ ಸಿಟ್ಟು ಈ ಪ್ರಶ್ನೆಗೆ ಇನ್ನೂ ಏರಬೇಕಿತ್ತು.

"ಎರಡು ಕೀ ಇತ್ತು. ಎರಡನ್ನೂ ಮನೆಗೇ ಕೊಟ್ಟೆ."

"ಮನೆಗೆ ಅಂದ್ರೆ? ಮನೆಗೇನು ಕೈ ಇದೆಯಾ? ಯಾರ ಕೈಗೆ?"

"ನೆನಪಿಲ್ಲ."

"ಹೋದ ವಾರದ್ದು ನೆನಪಿಲ್ವಾ? ಯಾವ ಗಾಡಿಗೆ ಯಾವ ಬಲ್ಬು ಅಂತ ನಿದ್ದೆಗಣ್ಣಲ್ಲೂ ಹೇಳ್ತೀಯಲ್ಲೋ."

ಭಾರ್ಗವ ನಮ್ಮ ತಲೆಯ ಮೇಲಿಂದ ಏರಿನ ಕಡೆ ನೋಡಿದ. ಅಲ್ಲಿಂದ ಭವ್ಯ ಇಳಿದು ಬರುತ್ತಿದ್ದಳು, ಹಿಂದೆ ಅವಳಪ್ಪ. ಭಾರ್ಗವ ತುಟಿ ಕಚ್ಚಿಕೊಂಡ.

"ಆ ಗಾಡಿ ಇವತ್ತು ಹತ್ತುತ್ತೆ ಬಿಡಿ ಮೇಡಂ," ಅಂದ. ಅಷ್ಟೇ. ನಮ್ಮ ಜೊತೆಯೇ ಬಗ್ಗಿಯವರೆಗೂ ಬಂದ.

ಹತ್ತುತ್ತೆ! ಎಷ್ಟು ಖಚಿತವಾಗಿ ಹೇಳಿದ!

ನನಗೆ ಅದು ಅರ್ಥವಾಗಲಿಲ್ಲ. ಆ ಗಾಡಿಯ ಒಂದು ಕಾಲಲ್ಲಿ ಇನ್ನೂ ಹವಾಯಿ ಚಪ್ಪಲಿಯೇ ಇದೆ. ಅದು ಹೇಗೆ ಹತ್ತುತ್ತದೆ?

*

"ಹತ್ರಿ ಹತ್ರಿ, ಬಿಸಿಲು ಹೋಗೋದ್ರೊಳಗೆ!" ಭವ್ಯಳ ಮುಖ ಕೆಂಪಗೆ ಹೊಳೆಯುತ್ತಿತ್ತು. ಇಷ್ಟು ಚೆಂದ ಅವಳನ್ನು ನಾನು ಯಾವತ್ತೂ ಕಂಡಿರಲಿಲ್ಲ. ಬಲಗಡೆಯ ಡ್ರೈವರ್ ಸೀಟಿಗೆ ಹಾರಿ ಕೂತು ಸ್ಟೇರಿಂಗನ್ನು ಎರಡೂ ಕೈಯಲ್ಲಿ ಸವರಿದಳು. "ನೋಡೇ ಶ್ರೀ, ಇದು ನನ್ನ ಕೈಗೆ ಬರೋಕೆ ಭೈರೇಶ್ ಭಾವನ ಹೆಗಲು ಮುರೀಬೇಕಾಯ್ತು."

ನಗುತ್ತಲೇ ಹೇಳಿದಳು. ಕಣ್ಣು ಮಾತ್ರ ನಗಲಿಲ್ಲ.

ಅತ್ತೆ ನನ್ನ ಕಿವಿಯ ಹತ್ತಿರ, "ಸುಮ್ನೆ ಹತ್ತು. ಹೊರಡೋ ಮುಂಚೆ ನಾನೇ ಏನಾದ್ರೂ ನೆಪ ಹೇಳಿ ನಿಲ್ಲಿಸ್ತೀನಿ," ಅಂದರು. ನಾನು ಹತ್ತಿ ಹಿಂದಿನ ಬಲಗಡೆಯ ಸೀಟಿನಲ್ಲಿ ಕೂತೆ. ಆಗಿನಂತೆಯೇ ನೀರಿನ ಚಕ್ರದ ಮೇಲೆ.

ಚನ್ನಬಸಪ್ಪನವರು ಸ್ಟೇರಿಂಗ್ ಹಿಡಿದ ಮಗಳ ಹಿಂದೆ, ನನ್ನ ಜಾಗಕ್ಕೇ ಬರಲು ಹೊರಟರು. "ಏಳಮ್ಮಾ, ನಾನು ಇಲ್ಲಿ ಕೂತ್ರೆ ಇವಳ ಕೈ ಹೆಂಗೆ ಓಡುತ್ತೆ ಅಂತ ಕಾಣುತ್ತೆ."

"ಬೇಡ ಅಪ್ಪ! ನೀನು ಮುಂದೆ ಬಾ, ನನ್ನ ಪಕ್ಕಕ್ಕೆ," ಭವ್ಯ ತಟ್ಟನೆ ಅಂದಳು. "ಶ್ರೀ ಅಲ್ಲೇ ಇರ್ಲಿ. ಆಂಟಿ, ನೀವು ಅಪ್ಪನ ಹಿಂದೆ."

ಅವಳಪ್ಪ ಗೊಣಗುತ್ತಾ ಎಡಗಡೆಗೆ ಹೋಗಿ ಕೂತರು. ಅವರ ಹಿಂದೆ ನಮ್ಮ ಅತ್ತೆ. ನಮ್ಮ ಅತ್ತೆಯೂ ಕಡಿಮೆಯವರೇನಲ್ಲ. ಬಸ್ಸಿನಲ್ಲಿ ಅವರ ಪಕ್ಕ ಕೂರುವವರು ಅರ್ಧ ಸೀಟಿಗೇ ತೃಪ್ತಿಪಡಬೇಕು. ಗಾಡಿ ಎಡಕ್ಕೆ ಒಂದಿಷ್ಟು ವಾಲಿತು.

"ಒಂದ್ನಿಮಿಷ," ಎಂದು ಭವ್ಯ ಕೆಳಗೆ ಹಾರಿದಳು. ಮೋಟಾರ್ ಮನೆಯ ಪಕ್ಕದಿಂದ ಜಲ್ಲಿ ತುಂಬಿದ ಚೀಲವೊಂದನ್ನು ಎಳೆದು ತಂದು, ಹೆಗಲಿಗೇರಿಸಿ, ಹಿಂದಿನ ಸಾಮಾನಿನ ತೊಟ್ಟಿಗೆ ಧೊಪ್ಪೆಂದು ಹಾಕಿದಳು. "ಬಂದೋರ ಬ್ಯಾಗು ಗೀಗು ಇರುತ್ತಲ್ಲ, ಆ ತೂಕಾನೂ ನೋಡ್ಬಿಡೋಣ."

ಚೀಲ ತೊಟ್ಟಿಯ ನಡುವೆ ಬಿದ್ದಿತ್ತು. ಅವಳು ಎರಡೂ ಕೈ ಹಾಕಿ, ಹಲ್ಲು ಕಚ್ಚಿ, ಅದನ್ನು ಎಡಗಡೆಯ ಮೂಲೆಗೆ ತಳ್ಳಿದಳು. ಇನ್ನಷ್ಟು ತಳ್ಳಿದಳು. ಚೀಲ ಸರಿಯಾಗಿ ಆ ಹಿಂದಿನ ಎಡ ಚಕ್ರದ ಮೇಲೆ ಬಂದು ಕೂತಿತು. ಗಾಡಿಯನ್ನು ಒಮ್ಮೆ ಕೈಯಿಂದ ಅಲುಗಾಡಿಸಿ ನೋಡಿದಳು.

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ.

ಅಪ್ಪ ಎಡಕ್ಕೆ. ಅತ್ತೆ ಎಡಕ್ಕೆ. ಜಲ್ಲಿ ಎಡಕ್ಕೆ. ಹಗುರದ ಚಕ್ರಕ್ಕೆ ಭಾರ ಬಂತು, ಈಗ ಗಾಡಿ ಹತ್ತುತ್ತದೆ. ಜುಮ್ಮೆಂದು ಹತ್ತುತ್ತದೆ. ಮೇಲೆ ಹೋಗಿ ನಿಂತರೆ ಕಲ್ಲು ತೀರ್ಪು ಕೊಟ್ಟಂತೆ: ಗಾಡಿಯಲ್ಲಿ ದೋಷವಿಲ್ಲ. ಆಸ್ಪತ್ರೆಯಲ್ಲಿ ಮಲಗಿರುವವನು ತನ್ನ ಕೈಯೇ ಸರಿಯಿಲ್ಲ ಎಂದು ಒಪ್ಪಿಕೊಂಡು ದೇವನೂರಿನ ಬಸ್ ಹತ್ತಬೇಕು.

ಅತ್ತೆಯ ಕಡೆ ತಿರುಗಿದೆ. ಅವರು ಬೆಲ್ಟಿನ ನಾಲ್ಕು ಪಟ್ಟಿಗಳ ಜೊತೆ ಯುದ್ಧದಲ್ಲಿದ್ದರು. "ಇದ್ಯಾವ್ದು ಎಲ್ಲಿಗೆ ಸಿಕ್ಕಿಸೋದೋ, ನೂರಕ್ಕೆ ನೂರು ಕೊಟ್ಟಿದ್ದು ನನ್ನ ತಪ್ಪು." ಹಿಂದೆ ಏನಾಯಿತೆಂದು ಅವರು ನೋಡಿಲ್ಲ. ಗಾಡಿಯ ಪಕ್ಕ ನಿಂತಿದ್ದ ಭಾರ್ಗವ ನೋಡಿದ್ದ. ನಾನು ನೋಡಿದ್ದನ್ನೂ ನೋಡಿದ್ದ. ಅವನು ಕಣ್ಣು ತಗ್ಗಿಸಿದ.

ಭವ್ಯ ಸೀಟಿಗೆ ಮರಳಿ ಬೆಲ್ಟು ಬಿಗಿದುಕೊಂಡಳು. ಅವಳ ಕೈ ಕೀಲಿಯ ಮೇಲೆ ಹೋಯಿತು.

ಕಾಲೇಜಿನಲ್ಲಿ ನನ್ನ ಪರವಾಗಿ ಮೂರು ವರ್ಷ ಮಾತಾಡಿದವಳು ಅವಳು. ಹಾಜರಿ ಕೂಗಿದಾಗ ನನ್ನ ದನಿ ಕೇಳಿಸದಿದ್ದರೆ "ಬಂದಿದ್ದಾಳೆ ಸರ್" ಎನ್ನುತ್ತಿದ್ದವಳು. ಸುಮ್ಮನಿದ್ದರೆ ಎಲ್ಲವೂ ಎಷ್ಟು ಚೆಂದ ನಡೆದುಹೋಗುತ್ತದೆ!

"ಹೊರಡ್ಲಾ?" ಭವ್ಯ ಕೇಳಿದಳು.

"ನಡಿ ಮಗಳೇ!" ಅವಳಪ್ಪ ತೊಡೆ ತಟ್ಟಿದರು.

"ಭವ್ಯಾ."

ಆ ದನಿ ಯಾರದೆಂದು ಎಲ್ಲರೂ ತಿರುಗಿ ನೋಡಿದರು. ಅತ್ತೆಯ ಕೈ ಬೆಲ್ಟಿನ ಮೇಲೆ ಹಾಗೇ ನಿಂತಿತು. ಕನ್ನಡಿಯಲ್ಲಿ ಭವ್ಯಳ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತು. ನಾನು ನೋಟ ಕೆಳಗಿಳಿಸಲಿಲ್ಲ.

"ಎಡಗಡೆ ಚಕ್ರ ಹಗುರ ಇದೆ ಅಂತ ನಾವಿನ್ನೂ ಯಾರಿಗೂ ಹೇಳಿಲ್ಲ ಕಣೇ. ನಿಂಗೆ ಹೇಗೆ ಗೊತ್ತಾಯ್ತು?"